ರುದ್ರಯ್ಯ ಮೇಷ್ಟ್ರ ಮೊದಲನೆಯ ಹಾಳೆ

ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆ ಬಂದಾಗಲೆಲ್ಲ ನಾನು ಇಲ್ಲ ಎನ್ನುವವರ ಪಕ್ಷ. ಹಾಗೆನ್ನಲು ದೊಡ್ಡ ಧೈರ್ಯವೇನೂ ಬೇಕಾಗಿಲ್ಲ. ಹಗಲು ಹೊತ್ತಿರಬೇಕು, ಸುತ್ತ ನಾಲ್ಕು ಜನ ಇರಬೇಕು, ಕೈಯಲ್ಲಿ ಒಂದು ಲೋಟ ಚಹಾ ಇರಬೇಕು. ಎಂಥ ಪುಕ್ಕಲನೂ ವಿಚಾರವಾದಿಯಾಗುತ್ತಾನೆ. ನನ್ನ ಹೆಂಡತಿ ಗಿರಿಜ ಮಾತ್ರ ಇಂಥ ಚರ್ಚೆ ನಡೆಯುವಾಗ ಒಳಗಿನಿಂದ ಸಣ್ಣಗೆ ಕೆಮ್ಮುತ್ತಾಳೆ. ಆ ಕೆಮ್ಮಿನ ಅರ್ಥ ನನಗೊಬ್ಬನಿಗೇ ಗೊತ್ತು. ಐದು ವಾರಗಳ ಕಾಲ ನಾನು ಸೋಮವಾರ ಬೆಳಗಾದರೆ ದೇವರ ಗೂಡಿನ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದುದನ್ನು ಅವಳು ನೋಡಿದ್ದಾಳೆ. ಇಷ್ಟು ವರ್ಷ ಮುಚ್ಚಿಟ್ಟ ಸಂಗತಿಯನ್ನು ಈಗ ನಾನೇ ಹೇಳಿಬಿಡುವುದು ಮರ್ಯಾದೆ. ಅವಳ ಬಾಯಿಂದ ಬಂದರೆ ಉಪ್ಪು ಖಾರ ಹೆಚ್ಚಾಗುತ್ತದೆ.

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆಯಿಂದ ಹೊಸದುರ್ಗದ ಕಡೆ ಹೋಗುವಾಗ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಟೈಪಿಸ್ಟನಾಗಿದ್ದೆ. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ನನ್ನನ್ನು ಕಂಡರೆ ನಗುತ್ತಾರೆ. ಕೆಲಸ ಹಂಗಾಮಿ. ಹೆಡ್‌ಮಾಸ್ಟರು ಶಿಫಾರಸು ಬರೆದು ಮೇಲಕ್ಕೆ ಕಳಿಸಿದರೆ ಖಾಯಂ, ಇಲ್ಲದಿದ್ದರೆ ಆ ವರ್ಷ ಮುಗಿದ ಕೂಡಲೆ ಮನೆ. ಮನೆ ಎಂದರೆ ಹಿರಿಯೂರಿನಲ್ಲಿರುವ ಮಾವನ ಮನೆ, ಏಕೆಂದರೆ ನಮ್ಮದೆಂಬ ಮನೆ ಇರಲಿಲ್ಲ. ಖಾಯಮಾತಿ ಎಂಬ ಆ ಒಂದು ಹಾಳೆಗಾಗಿ ನಾನು ಎರಡು ವರ್ಷದಿಂದ ಕಾಯುತ್ತಿದ್ದೆ. ಮಾವನವರು ಪ್ರತಿ ಕಾಗದದಲ್ಲೂ ಆರೋಗ್ಯ ವಿಚಾರಿಸುವ ಮೊದಲು ಅದನ್ನೇ ವಿಚಾರಿಸುತ್ತಿದ್ದರು.

ನನ್ನ ವಶದಲ್ಲಿ ಎರಡು ಯಂತ್ರಗಳಿದ್ದವು. ಒಂದು ಟೈಪ್‌ರೈಟರು, ಇನ್ನೊಂದು ಸೈಕ್ಲೊಸ್ಟೈಲು. ಈಗಿನವರಿಗೆ ಎರಡನೆಯದರ ಪರಿಚಯ ಇರಲಾರದು. ಮೇಣ ಬಳಿದ ಸ್ಟೆನ್ಸಿಲ್ ಹಾಳೆಯ ಮೇಲೆ ರಿಬ್ಬನ್ ಇಲ್ಲದೆ ಟೈಪ್ ಮಾಡಿದರೆ ಅಕ್ಷರಗಳ ಜಾಗದಲ್ಲಿ ಮೇಣ ಬಿಡುತ್ತದೆ. ಅದನ್ನು ಯಂತ್ರದ ಉರುಳೆಗೆ ಸುತ್ತಿ, ಒಳಗೆ ಮಸಿ ಹಾಕಿ, ಒಂದು ಬದಿಯಲ್ಲಿ ಬಿಳಿ ಹಾಳೆ ಪೇರಿಸಿ ಹಿಡಿಕೆ ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಅಚ್ಚಾದ ಹಾಳೆಗಳು ಒಂದೊಂದಾಗಿ ಬಂದು ಬೀಳುತ್ತವೆ. ನಮ್ಮ ಯಂತ್ರವನ್ನು ಇಟ್ಟಿದ್ದ ಕೋಣೆಗೆ ಒಂದೇ ಕಿಟಕಿ, ಅದರಾಚೆ ಬೋಳು ಗುಡ್ಡ. ಆ ಗುಡ್ಡದ ಬಂಡೆಗಳ ಸಂದಿಯಿಂದ ನುಗ್ಗುವ ಗಾಳಿ ಒಂದೊಂದು ದಿನ ಒಂದೊಂದು ದನಿಯಲ್ಲಿ ಊಳಿಡುತ್ತಿತ್ತು. ಪೇರಿಸಿದ ಹಾಳೆ ಹಾರದಿರಲೆಂದು ನಮ್ಮ ಅಟೆಂಡರ್ ತಿಪ್ಪಣ್ಣ ಅದರ ಮೇಲೆ ರಟ್ಟಿನದೊಂದು ಮಾಡು ಕಟ್ಟಿದ್ದ. ಹಾಳೆ ಪೇರಿಸುವುದು ತಿಪ್ಪಣ್ಣನ ಕೆಲಸ, ಹಿಡಿಕೆ ತಿರುಗಿಸುವುದು ನನ್ನ ಕೆಲಸ. ಹಿಡಿಕೆಯನ್ನು ಇನ್ನೊಬ್ಬರು ಮುಟ್ಟಿದರೆ ನನಗೆ ಮೈಯೆಲ್ಲ ಉರಿ. ಕಾರ್ ಇಟ್ಟವರು ಸ್ಟೇರಿಂಗ್ ಬಿಟ್ಟುಕೊಡುತ್ತಾರೆಯೇ? ಕಾರಿಲ್ಲದ ನನಗೆ ಅದೇ ಕಾರು.

ಹೆಡ್‌ಮಾಸ್ಟರು ರುದ್ರಯ್ಯನವರು. ಊರೆಲ್ಲ ಅವರನ್ನು ದೊಡ್ಡ ಮೇಷ್ಟ್ರು ಎನ್ನುತ್ತಿತ್ತು. ನಸ್ಯದ ಡಬ್ಬಿ, ಉದ್ದನೆಯ ಕೊಡೆ, ಕಾಗದದ ಮೇಲೆ ವಿಪರೀತ ಮಮತೆ, ಈ ಮೂರರಿಂದ ಅವರನ್ನು ಗುರುತಿಸಬಹುದಿತ್ತು. ಬಂದ ಲಕೋಟೆಯನ್ನು ಬಿಡಿಸಿ ಮಗುಚಿ ಅಂಟಿಸಿ ಕಳಿಸುವವರು ಬಹಳ ಜನ ಇದ್ದಾರೆ. ಮೇಷ್ಟ್ರು ಅದೇ ಲಕೋಟೆ ಮೂರನೆಯ ಸಲ ವಾಪಸು ಬಂದರೆ ಹಳೆಯ ವಿದ್ಯಾರ್ಥಿ ಬಂದನೆಂಬಂತೆ ಖುಷಿಪಡುತ್ತಿದ್ದರು. "ಕಾಗದಕ್ಕೆ ಎರಡು ಮುಖ ಐತೆ ಕಣಯ್ಯ, ಮನುಷ್ಯಂಗೆ ಇದ್ದಂಗೆ. ಹಿಂದಿಂದೂ ನೋಡ್ಬೇಕು" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ನಾನು ಹೂಂ ಎಂದು ಟೈಪ್ ಮಾಡುತ್ತಿದ್ದೆ.

ನಮ್ಮ ಶಾಲೆಯಲ್ಲಿ ಪ್ರತಿ ಸೋಮವಾರ ಒಂದು ನಮೂನೆ ಅಚ್ಚಾಗುತ್ತಿತ್ತು. ತಾಳ್ಯದ ಕಡೆಯ ಕುರಿಗಾರರ ಮಕ್ಕಳು, ರೈತರ ಮಕ್ಕಳು ಹಿಂಡಿನ ಹಿಂದೆಯೋ ಹೊಲಕ್ಕೋ ಹೋದರೆ ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಅವರ ಮನೆಗೆ ಹೋಗುವ ಕಾಗದ ಅದು. 'ಶ್ರೀ ............ ರವರಿಗೆ, ತಮ್ಮ ಮಗ/ಮಗಳು ............ ದಿನಗಳಿಂದ ಶಾಲೆಗೆ ಬಂದಿರುವುದಿಲ್ಲ. ಈ ಕಾಗದ ತಲುಪಿದ ಕೂಡಲೆ ತಪ್ಪದೆ ಬಂದು ನನ್ನನ್ನು ಖುದ್ದಾಗಿ ಕಾಣತಕ್ಕದ್ದು.' ಕೆಳಗೆ ರುದ್ರಯ್ಯ ಎಂಬ ಹೆಸರು. ಬಂದವರನ್ನು ಮೇಷ್ಟ್ರು ಬೈಯುತ್ತಿರಲಿಲ್ಲ. ಕೂರಿಸಿ, ಕುರಿ ಎಷ್ಟು ಮರಿ ಹಾಕಿದವು ಎಂದು ಕೇಳಿ, ನಸ್ಯ ಕೊಟ್ಟು, ಹುಡುಗನನ್ನು ವಾಪಸು ಕರೆಸಿಕೊಳ್ಳುತ್ತಿದ್ದರು.

ಒಂದು ಶನಿವಾರ ಸಂಜೆ ಬೀಗ ಹಾಕುವ ಹೊತ್ತಿಗೆ ಅವರು ನನ್ನನ್ನು ನಿಲ್ಲಿಸಿ, "ಜಯಣ್ಣ, ಸೋಮವಾರ ಬಂದು ಕಾಣಪ್ಪ. ಮಾತಾಡೋದೈತೆ" ಎಂದರು. ಆ ವಾರ ನಾನು ನಾಲ್ಕು ದಿನ ತಡವಾಗಿ ಬಂದಿದ್ದೆ. ಬೈಗುಳ ಖಂಡಿತ ಎಂದುಕೊಂಡು ಸೋಮವಾರ 'ಚಳಿಜ್ವರ' ಎಂದು ರಜಾ ಚೀಟಿ ಕಳಿಸಿ, ಸ್ನೇಹಿತನೊಬ್ಬನ ಜೊತೆ ಚಿತ್ರದುರ್ಗಕ್ಕೆ ಹೋಗಿಬಿಟ್ಟೆ. ಎರಡು ದಿನ ಎರಡು ಸಿನಿಮಾ. ಮೂರನೆಯ ದಿನ ಚಂದ್ರವಳ್ಳಿಯ ಗುಹೆ ನೋಡೋಣವೆಂದು ಇಳಿದೆವು. ಸ್ನೇಹಿತ ಬ್ಯಾಟರಿ ಹಿಡಿದು ಮುಂದೆ ಹೋದ. ನಾನು ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಳ್ಳಲು ಬಗ್ಗಿದೆ. ಎದ್ದು ನೋಡಿದರೆ ಕತ್ತಲೆ. ಕೈ ಚಾಚಿದರೆ ತಣ್ಣನೆಯ ಕಲ್ಲು. "ಯಾರಾದ್ರೂ ಇದ್ದೀರಾ?" ಎಂದು ಕೂಗಿದೆ. ನನ್ನದೇ ದನಿ ಯಾವುದೋ ಕೋಣೆ ಸುತ್ತಿ, ಸ್ವಲ್ಪ ವಯಸ್ಸಾದಂತಾಗಿ ಹಿಂದಕ್ಕೆ ಬಂತು. ನಿಜವಾಗಿ ಹೆದರಿದೆ. ಐದು ನಿಮಿಷವಿರಬಹುದು, ಆದರೆ ಬೆವರು ಮಾತ್ರ ನಿಜವಾದ ಚಳಿಜ್ವರದ್ದೇ. ಮಧ್ಯಾಹ್ನದ ಮೂರು ಗಂಟೆ ಸುಮಾರು. ಮಾರನೆಯ ದಿನ ಊರಿಗೆ ಬಂದರೆ ಶಾಲೆಗೆ ಬೀಗ. ಹಿಂದಿನ ದಿನ ಮೂರು ಗಂಟೆಗೆ ದೊಡ್ಡ ಮೇಷ್ಟ್ರು ಕುರ್ಚಿಯಲ್ಲಿ ಕೂತವರು ಕೂತಂತೆಯೇ ಹೋಗಿಬಿಟ್ಟಿದ್ದರು. ಮೇಜಿನ ಮೇಲೆ ನನ್ನ ಸುಳ್ಳು ರಜಾ ಚೀಟಿ ಇತ್ತಂತೆ.

ಹೊಸ ಹೆಡ್‌ಮಾಸ್ಟರಾಗಿ ವಾಮನಮೂರ್ತಿಗಳು ಬಂದರು. ಮೈಸೂರು ಕಡೆಯವರು, ಮಡಿಚಿದ ಕರವಸ್ತ್ರದಂಥ ಮನುಷ್ಯ. ಬಂದ ವಾರವೇ ನಮೂನೆ ನೋಡಿ ಮುಖ ಸಿಂಡರಿಸಿದರು. "ಇದೇನ್ರೀ, ಊರಿನವರೆಲ್ಲ ಬಂದು ನನ್ನನ್ನು ಕಾಣೋದು? ಲಿಖಿತ ಮೂಲಕ ಸಮಜಾಯಿಷಿ ಸಲ್ಲಿಸತಕ್ಕದ್ದು ಅಂತ ಮಾಡಿ. ಹಳೇ ಸ್ಟೆನ್ಸಿಲ್ ನಾಶ ಮಾಡಿ" ಎಂದರು. ಬರೆಯಲು ಬಾರದ ಕುರಿಗಾರ ಲಿಖಿತ ಸಮಜಾಯಿಷಿ ಹೇಗೆ ಕೊಡುತ್ತಾನೆಂದು ಕೇಳಲು ನಾನೇನು ಖಾಯಂ ನೌಕರನೇ? ಹೊಸ ಸ್ಟೆನ್ಸಿಲ್ ಕೊರೆದೆ. ಹಳೆಯದನ್ನು ನನ್ನ ಕೈಯಾರೆ ನಾಲ್ಕು ಚೂರು ಮಾಡಿ ಗುಡ್ಡದ ಕಡೆ ಗಾಳಿಗೆ ಬಿಟ್ಟೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಹಳೆಯ ಸ್ಟೆನ್ಸಿಲ್ ಭೂಮಿಯ ಮೇಲೆ ಇರಲಿಲ್ಲ.

ಮೊದಲ ಸೋಮವಾರ ಶಾಲೆ ಶುರುವಾಗುವ ಮುಂಚೆ, ಇನ್ನೂ ಒಬ್ಬ ಹುಡುಗನೂ ಬಾರದ ಹೊತ್ತಿನಲ್ಲಿ, ಹೊಸ ಸ್ಟೆನ್ಸಿಲ್ ಸುತ್ತಿ ಹಿಡಿಕೆ ತಿರುಗಿಸಿದೆ. ಯಂತ್ರ ಮೊದಲ ಸುತ್ತಿಗೆ ಯಾವಾಗಲೂ ಗಂಟಲು ಸರಿಮಾಡಿಕೊಳ್ಳುವಂತೆ ಖರ್ ಎನ್ನುತ್ತದೆ. ಹಾಳೆ ಬಂದು ಬಿತ್ತು. ನೋಡಿದೆ. 'ತಪ್ಪದೆ ಬಂದು ನನ್ನನ್ನು ಖುದ್ದಾಗಿ ಕಾಣತಕ್ಕದ್ದು. ರುದ್ರಯ್ಯ.' ಅಕ್ಷರ ಸ್ವಚ್ಛ. ಅದರ ಹಿಂದೆ ಬೂದಿ ಬಣ್ಣದಲ್ಲಿ ಏನೋ ಮಬ್ಬು ಮಬ್ಬಾಗಿ ಕಾಣುತ್ತಿತ್ತು. ಕಣ್ಣು ಕಿರಿದುಮಾಡಿ ಓದಿದರೆ ಅದು ವಾಮನಮೂರ್ತಿ. ಸತ್ತವರು ಸ್ಪಷ್ಟವಾಗಿದ್ದರು, ಬದುಕಿದ್ದವರು ದೆವ್ವದಂತಿದ್ದರು. ಇನ್ನೊಂದು ಸುತ್ತು ತಿರುಗಿಸಿದೆ. ಎರಡನೆಯ ಹಾಳೆ ಹೊಸ ನಮೂನೆ. ಮೂರನೆಯದೂ ಹೊಸದೇ. ಮೊದಲನೆಯದನ್ನು ಮೂಗಿನ ಹತ್ತಿರ ತಂದೆ, ಏಕೆ ತಂದೆನೋ ತಿಳಿಯದು. ನಸ್ಯದ ವಾಸನೆ ಬಂತು.

ಯಂತ್ರಕ್ಕೆ ಬಂದದ್ದು ಯಂತ್ರದ ರೋಗವೇ ಇರಬೇಕು ಎಂದು ನಾನು ನನ್ನ ವಿಚಾರವಾದವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಉರುಳೆಯ ಮೇಲಿನ ಬಟ್ಟೆ ಹಳೆಯ ಅಕ್ಷರಗಳನ್ನು ಹೀರಿಕೊಂಡಿರಬಹುದು. ಆ ವಾರವೆಲ್ಲ ಯಂತ್ರ ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ಉರುಳೆ ತೊಳೆದೆ, ಬಟ್ಟೆ ಬದಲಾಯಿಸಿದೆ, ಹೊಸ ಮಸಿ ತುಂಬಿದೆ, ಸ್ಟೆನ್ಸಿಲನ್ನೂ ಮತ್ತೊಮ್ಮೆ ಕೊರೆದೆ. ಜೋಡಿಸಿದ ಮೇಲೆ ಒಂದು ತಿರುಪು ಉಳಿಯಿತು, ಅದನ್ನು ಜೇಬಿಗೆ ಹಾಕಿಕೊಂಡೆ. ಎರಡನೆಯ ಸೋಮವಾರ ಹಿಡಿಕೆ ತಿರುಗಿಸಿದೆ. ಖರ್. 'ತಪ್ಪದೆ ಬಂದು ನನ್ನನ್ನು ಖುದ್ದಾಗಿ ಕಾಣತಕ್ಕದ್ದು.' ಹೊರಗೆ ಗಾಳಿ ಯಾರೋ ಹೂಂಗುಟ್ಟಿದಂತೆ ಸದ್ದು ಮಾಡಿತು. ಪಕ್ಕದ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಮೇಷ್ಟ್ರ ಕೊಡೆ ಇನ್ನೂ ಅಲ್ಲೇ ಇತ್ತು. ಅದು ಮೆಲ್ಲಗೆ ಅಲ್ಲಾಡುತ್ತಿತ್ತು. ಆ ಹಾಳೆಯನ್ನೂ ಮೊದಲಿನದರಂತೆ ಚೂರು ಚೂರು ಮಾಡಿ ಗುಡ್ಡದ ಕಡೆ ಎಸೆದೆ.

ತಿಪ್ಪಣ್ಣನನ್ನು ಕರೆದೆ. "ಲೇ ತಿಪ್ಪಣ್ಣ, ಯಾರಾದ್ರೂ ಮಷೀನ್ ಮುಟ್ತಾರೇನೋ?"

"ಯಾರು ಮುಟ್ತಾರೆ ಜಯಣ್ಣಾರೆ? ನೀವು ಕೈ ಮುರಿದುಬಿಡ್ತೀರಿ."

"ನೀನು?"

"ನಾನು ಮಷೀನ್ ತಂಟೆಗೇ ಹೋಗಲ್ಲ. ಮಷೀನ್ ಹತ್ರ ಇದ್ದಾಗ ಮಾತೂ ಆಡಿಸಬೇಡ ಅಂದಿದ್ರಲ್ಲ, ಮಾತೂ ಆಡಿಸಲ್ಲ. ಏನಾಗೈತೆ?"

ಏನೂ ಇಲ್ಲ ಎಂದೆ. ಶಾಲೆಯ ವಿಚಾರವಾದಿ ಜವಾನನ ಮುಂದೆ ಬಾಯಿಬಿಡಬಹುದೇ? ಗಿರಿಜಳ ಮುಂದೆ ಮಾತ್ರ ಬಿಟ್ಟೆ. ಅವಳು ರೊಟ್ಟಿ ತಟ್ಟುತ್ತಿದ್ದಳು. "ಬಂದು ಕಾಣು ಅಂದ್ರೆ ಹೋಗಿ ಕಂಡು ಬರ್ರಿ" ಎಂದಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಸಮಾಧಿ ಹತ್ರ. ಒಂದು ಕಾಯಿ ಒಡೆದು, ಸುಳ್ಳು ಜ್ವರ ಹೇಳಿದ್ದು ತಪ್ಪಾಯ್ತು ಅನ್ರಿ" ಎಂದಳು. ನನಗೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಅವಳು ಮೂಢನಂಬಿಕೆಯ ಮಾತಾಡಿದ್ದಲ್ಲ. ಅದನ್ನೇ ನಾನೂ ಯೋಚಿಸುತ್ತಿದ್ದೆ.

ಮೂರನೆಯ ಸೋಮವಾರ ಅನಾಹುತವಾಯಿತು. ಆ ದಿನ ನಾನು ಒಂದು ಉಪಾಯ ಮಾಡಿದೆ. ಮೊದಲ ಹಾಳೆಯನ್ನು ನೋಡದೆ ಇದ್ದುಬಿಟ್ಟರೆ? ಹೆದರಿಕೆ ಇರುವುದು ನೋಡುವುದರಲ್ಲಿ ತಾನೇ. ಕಣ್ಣು ಮುಚ್ಚಿ ಗರಗರನೆ ಐವತ್ತು ಹಾಳೆ ತಿರುಗಿಸಿದೆ. ಆಮೇಲೆ ಕಟ್ಟನ್ನು ಎತ್ತಿಕೊಂಡು ಹೋಗಿ ಹಾಜರಿ ಪುಸ್ತಕ ನೋಡಿಕೊಂಡು ಹೆಸರು ತುಂಬಿದೆ. ಜಾಗ ಎಲ್ಲಿದೆಯೆಂದು ಕೈಗೆ ಅಭ್ಯಾಸವಿತ್ತು, ಕಣ್ಣು ಪುಸ್ತಕದ ಮೇಲಿತ್ತು. ಯಾವ ಹಾಳೆಗೆ ಯಾರ ಹೆಸರು ಬಿತ್ತೋ ದೇವರಿಗೇ ಗೊತ್ತು. ಕಾಗದಗಳು ಹೋದವು.

ಗುರುವಾರ ಮಧ್ಯಾಹ್ನ ತಾಳ್ಯದ ಕಡೆಯ ಕುರಿಗಾರ ಕಾಟಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಆಫೀಸಿನ ಬಾಗಿಲಲ್ಲಿ ಕುಂತ. ವಾಮನಮೂರ್ತಿಗಳು ಯಾರು ನೀನು ಎಂದರು.

"ದೊಡ್ಡ ಮೇಷ್ಟ್ರು ಕಾಗ್ದ ಕಳ್ಸವ್ರೆ. ಬಂದು ಕಾಣು ಅಂದವ್ರೆ. ಅದ್ಕೇ ಬಂದೀನಿ" ಎಂದು ಕಾಟಪ್ಪ ಕಂಬಳಿಯ ಮಡಿಕೆಯಿಂದ ಹಾಳೆ ತೆಗೆದ.

"ರುದ್ರಯ್ಯನವರು ತೀರಿಕೊಂಡು ಎರಡು ತಿಂಗಳಾಯ್ತಪ್ಪ."

"ಗೊತ್ತೈತೆ ಕಣ್ರಿ. ಮಣ್ಣಿಗೆ ನಾನೂ ಬಂದಿದ್ದೆ. ಒಂದು ಹಿಡಿ ಮಣ್ಣು ನಾನೂ ಹಾಕೀನಿ."

"ಮತ್ತೆ ಯಾಕೆ ಬಂದೆ?"

"ಕರೆದವ್ರಲ್ಲ! ದೊಡ್ಡೋರು ಕರೆದ ಮ್ಯಾಲೆ ಬರಲಿಲ್ಲ ಅಂದ್ರೆ ಚೆನ್ನಾಗಿರ್ತದಾ? ಕುರಿ ಬಿಟ್ಟು ಬಂದೀನಿ, ಸಂಜೆ ತಂಕ ಕುಂತಿರ್ತೀನಿ."

ಅವನ ಮುಖದಲ್ಲಿ ಹೆದರಿಕೆಯ ಲವಲೇಶವಿರಲಿಲ್ಲ. ಮೇಷ್ಟ್ರ ಖಾಲಿ ಕುರ್ಚಿಯ ಕಡೆ ಒಂದು ಸಲ ನೋಡಿ, ಅಲ್ಲಿ ಕಾಣಬೇಕಾದ್ದು ಕಂಡಿತು ಎಂಬಂತೆ ತಲೆ ಬಾಗಿಸಿದ. ಆ ಕುರ್ಚಿಯಲ್ಲಿ ಆಗ ತಾನೇ ಕೂರಲು ಹೊರಟಿದ್ದ ವಾಮನಮೂರ್ತಿಗಳು ನಿಂತೇ ಉಳಿದರು. ಸಂಜೆಯವರೆಗೂ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ನಾಲ್ಕೂವರೆಗೆ ಕಾಟಪ್ಪ ಎದ್ದು, ಕುರ್ಚಿಗೆ ಕೈಮುಗಿದು, "ಹುಡುಗನ್ನ ನಾಳೆಯಿಂದ ಕಳಿಸ್ತೀನಿ ಬುದ್ಧಿ" ಎಂದು ಹೇಳಿ ಹೊರಟ. ಹೇಳಿದಂತೆ ಹುಡುಗ ಮಾರನೆಯ ದಿನವೇ ಬಂದ. ಲಿಖಿತ ಸಮಜಾಯಿಷಿ ಕೇಳಿದ್ದ ಉಳಿದ ನಲವತ್ತೊಂಬತ್ತು ಮನೆಗಳಿಂದ ಒಂದು ನರಪಿಳ್ಳೆಯೂ ಬರಲಿಲ್ಲ.

ಕಾಟಪ್ಪ ಹೋದ ಕೂಡಲೆ ನನಗೆ ಕರೆ ಬಂತು. "ಏನ್ರೀ ಜಯಣ್ಣ, ಈ ಶಾಲೆಗೆ ಹೆಡ್‌ಮಾಸ್ಟರು ಯಾರು?" ಎಂದರು ವಾಮನಮೂರ್ತಿಗಳು. ನಾನು ಹಳೆಯ ಸ್ಟೆನ್ಸಿಲ್ ಬಚ್ಚಿಟ್ಟುಕೊಂಡು ತಮಾಷೆ ಮಾಡುತ್ತಿದ್ದೇನೆಂದು ಅವರ ಅನುಮಾನ. ಯಂತ್ರ ತಾನಾಗಿಯೇ ಹಳೆಯದನ್ನು ಅಚ್ಚುಹಾಕುತ್ತದೆ ಎಂದು ನಾನು ಹೇಳಿದಾಗ ಅವರು ನನ್ನನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಖಾಯಮಾತಿ ಕಾಗದ ಈ ತಿಂಗಳ ಕೊನೆಗೆ ಹೋಗಬೇಕು. ಅಷ್ಟರೊಳಗೆ ಯಂತ್ರ ಸರಿಯಾಗಬೇಕು. ಆಗದಿದ್ದರೆ ಏನು ಬರೀಬೇಕೋ ಬರೀತೀನಿ. ಕೊನೇ ಸೋಮವಾರ ನಾನೇ ಬಂದು ನಿಂತು ನೋಡ್ತೀನಿ" ಎಂದರು. ತಿಂಗಳಲ್ಲಿ ಉಳಿದಿದ್ದವು ಎರಡು ಸೋಮವಾರ.

ನಾಲ್ಕನೆಯ ಸೋಮವಾರ. ಅಂದು ಗಾಳಿಯೇ ಇರಲಿಲ್ಲ. ಗುಡ್ಡ ಉಸಿರು ಹಿಡಿದುಕೊಂಡು ಕಿಟಕಿಯಿಂದ ನೋಡುತ್ತಿದ್ದಂತಿತ್ತು. ಯಂತ್ರದ ಮೇಲೆ ಕುಂಕುಮವಿಟ್ಟು, ನಿಂಬೆಹಣ್ಣು ಮಂತ್ರಿಸಿ ಇಟ್ಟು (ವಿಚಾರವಾದಿಯೂ ಒಂದು ಪ್ರಯೋಗ ಮಾಡಬಾರದೇ?), ಹಿಡಿಕೆ ತಿರುಗಿಸಿದೆ. ಖರ್ ಎಂದು ಹಾಳೆ ಬಿತ್ತು. ಈ ಸಲ ಖಾಲಿ ಜಾಗಗಳು ತುಂಬಿದ್ದವು. ಮೇಷ್ಟ್ರ ಕೈಬರಹ, ಅವರ ನೀಲಿ ಮಸಿ, ಅಂಚಿನಲ್ಲಿ ನಸ್ಯದ ಬೆರಳಿನ ಕಂದು ಗುರುತು. 'ಶ್ರೀ ಜಯಣ್ಣ, ಟೈಪಿಸ್ಟ್‌ರವರಿಗೆ.' ತಮ್ಮ ಮಗ/ಮಗಳು ಎಂಬುದನ್ನು ಹೊಡೆದುಹಾಕಿ 'ತಾವೇ' ಎಂದು ಬರೆದಿತ್ತು. 'ತಾವೇ ಮೂರು ದಿನಗಳಿಂದ ಶಾಲೆಗೆ ಬಂದಿರುವುದಿಲ್ಲ. ಈ ಕಾಗದ ತಲುಪಿದ ಕೂಡಲೆ ತಪ್ಪದೆ ಬಂದು ನನ್ನನ್ನು ಖುದ್ದಾಗಿ ಕಾಣತಕ್ಕದ್ದು.'

ಹಾಳೆಯನ್ನು ಬೆಳಕಿಗೆ ಹಿಡಿದಾಗ ಸಾಲುಗಳ ನಡುವೆ ಇನ್ನೂ ಏನೋ ಕಂಡಿತು. ಒಳಗಿನಿಂದ ಮೂಡಿ ಬರುತ್ತಿದ್ದಂಥ ಗೀಟುಗಳು, ತಲೆಕೆಳಗಾಗಿ, ಎಡಬಲ ಅದಲುಬದಲಾಗಿ. ಸತ್ತವರು ಹಿಂದುಮುಂದಾಗಿ ಬರೆಯುತ್ತಾರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನು ಓದುವಷ್ಟು ನನ್ನಲ್ಲಿ ತ್ರಾಣವಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡೆ. ಚೂರು ಮಾಡಿ ಗಾಳಿಗೆ ಬಿಡಲು ಆ ದಿನ ಗಾಳಿಯೇ ಇಲ್ಲವಲ್ಲ. ಮಧ್ಯಾಹ್ನ ಊಟಕ್ಕೆ ಹೋದವನು ಸೀದಾ ಅಡಿಗೆಮನೆಗೆ ನುಗ್ಗಿ, ಗಿರಿಜ ರೊಟ್ಟಿ ಬೇಯಿಸುತ್ತಿದ್ದ ಒಲೆಗೆ ಅದನ್ನು ಹಾಕಿದೆ. ಒಂದು ಕ್ಷಣ ನೀಲಿಯಾಗಿ ಉರಿಯಿತು. ಅವಳು ಏನು ಎಂದಳು. ಕಚೇರಿ ಕಾಗದ ಎಂದೆ. ಆ ಉರಿಯಲ್ಲಿ ಬೆಂದ ರೊಟ್ಟಿಯನ್ನೇ ತಟ್ಟೆಗೆ ಹಾಕಿದಳು. ತಿಂದೆ.

ಆ ವಾರವೆಲ್ಲ ನನಗೆ ಸರಿಯಾಗಿ ನಿದ್ದೆಯಿಲ್ಲ, ಊಟವಿಲ್ಲ. ಕರೆ ಬಂದಾಗಿದೆ, ಇನ್ನು ಹೊರಡುವುದೊಂದೇ ಬಾಕಿ ಎಂದು ಖಾತ್ರಿಯಾಗಿತ್ತು. ಗಿರಿಜಳನ್ನು ನೋಡಿದಾಗಲೆಲ್ಲ ಕಣ್ಣು ತುಂಬುತ್ತಿತ್ತು. ಹಂಗಾಮಿ ನೌಕರ ಸತ್ತರೆ ಹೆಂಡತಿಗೆ ಏನೂ ಬರುವುದಿಲ್ಲ ಎಂಬ ನಿಯಮವೂ ನೆನಪಾಗುತ್ತಿತ್ತು. ಖಾಯಂ ಆಗಿಯಾದರೂ ಸಾಯಬಾರದಿತ್ತೇ ಎಂದು ನನಗೆ ನಿಜವಾಗಿಯೂ ದುಃಖವಾಯಿತು.

ಕೊನೆಯ ಸೋಮವಾರ ವಾಮನಮೂರ್ತಿಗಳು ಹೇಳಿದಂತೆ ಬೆಳಿಗ್ಗೆಯೇ ಬಂದು ನಿಂತರು. ತಿಪ್ಪಣ್ಣ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ. ನಾನು ಮನಸ್ಸಿನಲ್ಲೇ ಮನೆದೇವರನ್ನು ನೆನೆದು ಹಿಡಿಕೆ ತಿರುಗಿಸಿದೆ. ಖರ್. ಹಾಳೆ ಬಿತ್ತು. ವಾಮನಮೂರ್ತಿಗಳು ಬಗ್ಗಿ ನೋಡಿದರು. 'ತಪ್ಪದೆ ಬಂದು ನನ್ನನ್ನು ಖುದ್ದಾಗಿ ಕಾಣತಕ್ಕದ್ದು. ರುದ್ರಯ್ಯ.' ಹಿಂದೆ ಬೂದಿಯಂತೆ ಅವರದೇ ಹೆಸರು. ಅವರ ಮುಖವೂ ಅದೇ ಬಣ್ಣವಾಯಿತು. "ರಾಮ ರಾಮ" ಎಂದು ಎರಡು ಹೆಜ್ಜೆ ಹಿಂದೆ ಸರಿದು ನನ್ನ ತೋಳು ಹಿಡಿದುಕೊಂಡರು. ನಾನು ಅವರ ತೋಳು ಹಿಡಿದುಕೊಂಡೆ. ಶಾಲೆಯ ಇಬ್ಬರು ವಿದ್ಯಾವಂತರು ಹಾಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿರುವಾಗ ತಿಪ್ಪಣ್ಣ ಒಳಗೆ ಬಂದು, ಆ ಹಾಳೆಯನ್ನು ಎತ್ತಿಕೊಂಡು, ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.

"ಅದನ್ನ ಮುಟ್ಟಬೇಡ್ವೋ!" ಎಂದೆ.

"ಯಾಕೆ? ಇದು ಪೋಲು ಹಾಳೆ. ಈ ಸಲನಾದ್ರೂ ಸಿಕ್ತು. ಪ್ರತಿ ವಾರ ಬಂದು ನೋಡ್ತೀನಿ, ಇರಂಗೇ ಇಲ್ಲ. ನೀವು ಮನೆಗೆ ಒಯ್ತೀರೇನೋ ಅಂತ ಸುಮ್ಕಿದ್ದೆ."

ವಾಮನಮೂರ್ತಿಗಳು ನನ್ನ ತೋಳು ಬಿಟ್ಟು, "ಏನು ಪೋಲು ಹಾಳೆ?" ಎಂದರು. ತಿಪ್ಪಣ್ಣ ರಟ್ಟಿನ ಮಾಡು ಎತ್ತಿ ತೋರಿಸಿ ವಿವರಿಸಿದ. ವಾರವೆಲ್ಲ ಸುಮ್ಮನಿದ್ದ ಯಂತ್ರದಲ್ಲಿ ಮೊದಲ ಸುತ್ತಿಗೆ ಮಸಿ ಇಳಿಯುವುದಿಲ್ಲ, ಮೊದಲ ಹಾಳೆ ದಂಡ. ಒಳ್ಳೆಯ ಹಾಳೆ ದಂಡವಾಗಬಾರದೆಂದು ದೊಡ್ಡ ಮೇಷ್ಟ್ರು ಒಂದು ಕಟ್ಟಳೆ ಮಾಡಿದ್ದರು. ಉಳಿದುಹೋದ ಹಳೆಯ ನಮೂನೆಯೊಂದನ್ನು ಎಲ್ಲಕ್ಕಿಂತ ಮೇಲೆ ಇಡಬೇಕು, ಅದೂ ಅಚ್ಚಾದ ಮುಖ ಮೇಲೆ ಬರುವಂತೆ. ಮಬ್ಬು ಮಸಿ ಆ ಮುಖಕ್ಕೇ ಬೀಳಲಿ. ಬೆನ್ನು ಬಿಳಿಯಾಗಿ ಉಳಿದರೆ ಮಕ್ಕಳು ಅದರಲ್ಲಿ ಲೆಕ್ಕ ಮಾಡಬಹುದು. "ಮೇಷ್ಟ್ರು ಇದ್ದಾಗಿನಿಂದ ಹಿಂಗೇ ಇಡೋದು. ಅವರ ಡ್ರಾಯರಿನಾಗೆ ಒಂದು ಕಟ್ಟೇ ಐತೆ, ಮುಗಿಯೋ ತಂಕ ಇಡು ಅಂದಿದ್ರು" ಎಂದ. ಹಾಗಾದರೆ ಮೊದಲೂ ಪ್ರತಿ ವಾರ ಅದೇ ಬರುತ್ತಿತ್ತು. ಆಗ ಹಳೆಯದರಲ್ಲೂ ಹೊಸದರಲ್ಲೂ ಒಂದೇ ಹೆಸರು; ನನಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ಡ್ರಾಯರಿನಲ್ಲಿ ಪಕ್ಕದಲ್ಲೇ ನಸ್ಯದ ಡಬ್ಬಿ ಇತ್ತು ಎಂಬುದನ್ನೂ ಅವನ ಬಾಯಿಂದಲೇ ಕೇಳಿದೆ.

"ನೀನು ಮಷೀನ್ ಮುಟ್ಟಲ್ಲ ಅಂದ್ಯಲ್ಲೋ!" ಎಂದು ಕೂಗಿದೆ.

"ಮಷೀನ್ ಎಲ್ಲಿ ಮುಟ್ಟಿದೆ? ಹಾಳೆ ಇಟ್ಟೆ. ಹಾಳೆ ಇಡ್ತೀಯಾ ಅಂತ ನೀವು ಕೇಳಿದ್ರಾ?"

ವಾಮನಮೂರ್ತಿಗಳು ಮೊದಲು ಕೆಮ್ಮಿದರು, ಆಮೇಲೆ ನಕ್ಕರು, ನಗುತ್ತಾ ಕಣ್ಣೊರೆಸಿಕೊಂಡರು. ಮಡಿಚಿದ ಕರವಸ್ತ್ರ ಅಂದೇ ಮೊದಲ ಬಾರಿ ಬಿಚ್ಚಿಕೊಂಡದ್ದು. "ನಡೀರಿ, ಬರೆಯೋಣ ನಿಮ್ಮ ಕಾಗದ. ಆದರೆ ನಾನು ಬಂದು ಒಂದೂವರೆ ತಿಂಗಳು, ನಿಮ್ಮ ಕೆಲಸದ ಬಗ್ಗೆ ಎರಡು ವರ್ಷದ್ದು ಹೇಗೆ ಬರೀಲಿ? ರುದ್ರಯ್ಯನವರು ಏನಾದರೂ ಬರೆದಿಟ್ಟಿದ್ದರೆ ಮೇಲಿನವರು ಕಣ್ಣು ಮುಚ್ಚಿ ಒಪ್ಪುತ್ತಿದ್ದರು" ಎಂದರು.

"ಬರೆದಿದ್ರಲ್ಲ ಸಾರ್" ಎಂದ ತಿಪ್ಪಣ್ಣ. ನನ್ನ ಕಡೆ ತಿರುಗಿ, "ಹೋದ ವಾರ ಬಂತಲ್ಲ ಜಯಣ್ಣಾರೆ, ನಿಮ್ಮ ಹೆಸರಿನದು. ಕಟ್ಟಿನಾಗೆ ಸಿಕ್ತು. ಮಷೀನ್ ಹತ್ರ ಮಾತಾಡಿಸಬೇಡ ಅಂದಿದ್ರಿ, ಅದ್ಕೇ ನಿಮ್ಮ ಕೈಗೇ ಸಿಗಲಿ ಅಂತ ಮ್ಯಾಲೆ ಇಟ್ಟೆ. ಅದರ ಹಿಂದುಗಡೆ ನೋಡಿದ್ರಲ್ಲ?" ಎಂದ.

ಅವನೇ ಮುಂದುವರಿಸಿದ. ಮೇಷ್ಟ್ರು ತೀರಿಕೊಂಡ ದಿನ ಬೆಳಿಗ್ಗೆ ಒಂದು ಹಳೆಯ ನಮೂನೆಯ ಬೆನ್ನಿನ ಮೇಲೆ ನನ್ನ ಖಾಯಮಾತಿಯ ಶಿಫಾರಸು ಬರೆದು, ಕೆಳಗೆ ರುಜು ಹಾಕಿದ್ದರಂತೆ. ಟೈಪ್ ಮಾಡಬೇಕಾದವನು ನಾನೇ, ನಾನೋ ಜ್ವರದಲ್ಲಿ. ಅದೇ ಹಾಳೆಯನ್ನು ಮಗುಚಿ ಮುಂದಿನ ಖಾಲಿ ಜಾಗಗಳನ್ನು ನನ್ನ ಹೆಸರಿನಿಂದ ತುಂಬಿ, "ನೋಡ್ಲಾ ತಿಪ್ಪಣ್ಣ, ಒಂದೇ ಹಾಳೆ, ಎರಡು ಕೆಲಸ. ಇದನ್ನ ಅವರ ಮನೆಗೆ ಕೊಟ್ಟು ಬಾ, ಓದಿ ಹೆದರ್ಕಂಡು ಓಡಿಬರ್ತಾನೆ" ಎಂದು ನಕ್ಕರಂತೆ. ತಿಪ್ಪಣ್ಣ ಸಂಜೆ ಕೊಡೋಣವೆಂದುಕೊಂಡ. ಮೂರು ಗಂಟೆಗೆ ಮೇಷ್ಟ್ರು ಹೋದರು. ಗಲಾಟೆಯಲ್ಲಿ ಮೇಜಿನ ಕಾಗದಗಳೆಲ್ಲ ಕಟ್ಟಿಗೆ ಸೇರಿಹೋದವು.

ಶನಿವಾರ ಸಂಜೆ ಮಾತಾಡೋದೈತೆ ಎಂದದ್ದು ಇದಕ್ಕೆ. ಬೈಯುವುದಕ್ಕಲ್ಲ.

"ಎಲ್ಲಿ ಆ ಹಾಳೆ? ತನ್ನಿ, ಅದನ್ನೇ ಲಗತ್ತಿಸಿ ಕಳಿಸೋಣ" ಎಂದು ವಾಮನಮೂರ್ತಿಗಳು ಕೈ ಚಾಚಿದರು. ನಾನು ನಡೆದದ್ದನ್ನು ಹೇಳಿದೆ. ಒಲೆಯ ವಿಷಯವನ್ನೂ ಹೇಳಿದೆ. ಅವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, "ಬೂದಿಯನ್ನು ಮೇಲಿನ ಕಚೇರಿಗೆ ಕಳಿಸೋ ಪದ್ಧತಿ ಇಲ್ಲವಲ್ರೀ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕನಿಕರವಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ಅವರು ತಮಗೆ ತಿಳಿದಷ್ಟು ಬರೆದು ಕಳಿಸಿದರು. ಮೇಲಿನವರು ಎರಡು ವರ್ಷ ಕಾಯಿಸಿ ಕೊಟ್ಟರು. ಆ ಎರಡು ವರ್ಷ ಗಿರಿಜ ರೊಟ್ಟಿ ಬಡಿಸುವಾಗಲೆಲ್ಲ, "ತಿನ್ರಿ, ಇದು ಬರೀ ಹಿಟ್ಟಿಂದು" ಎನ್ನುತ್ತಿದ್ದಳು. ಮಾವನವರಿಗೆ ಬರೆದ ಕಾಗದದಲ್ಲಿ ಮಾತ್ರ ಕಡತ ಬೆಂಕಿಗೆ ಆಹುತಿಯಾಯಿತೆಂದು ತಿಳಿಸಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೇಷ್ಟ್ರು ನನ್ನ ಬಗ್ಗೆ ಏನು ಬರೆದಿದ್ದರು? ಇದೊಂದು ನನಗೆ ಇವತ್ತಿಗೂ ತಿಳಿಯದು. ತಿಪ್ಪಣ್ಣನನ್ನು ಎಷ್ಟು ಪೀಡಿಸಿದರೂ, "ನಾನು ಓದಲಿಲ್ಲ. ಎರಡು ಸಾಲು ಬರೆದು ಹೊಡೆದುಹಾಕಿದ್ರು, ಆಮ್ಯಾಲೆ ತಮ್ಮಷ್ಟಕ್ಕೆ ನಕ್ಕಂಡು ಮತ್ತೆ ಬರೆದ್ರು" ಎಂಬುದರ ಮುಂದೆ ಹೋಗಲಿಲ್ಲ. ಹೊಡೆದುಹಾಕಿದ ಎರಡು ಸಾಲು ತಡವಾಗಿ ಬರುವುದರ ಬಗ್ಗೆ ಇರಬೇಕು. ನಕ್ಕು ಬರೆದದ್ದು ಯಾವುದು? ಸತ್ತವರು ಕರೆದರೆಂದು ಕಾಟಪ್ಪ ಕುರಿ ಬಿಟ್ಟು ಬಂದು ಸಂಜೆಯವರೆಗೆ ಕೂತ. ಬದುಕಿದ್ದವರು ಬಾಯಿಬಿಟ್ಟು ಕರೆದರೂ ನಾನು ಸಿನಿಮಾಕ್ಕೆ ಹೋದೆ. ಗುಹೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೂಗಿದ ದನಿ ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಡ್ರಾಯರಿನ ಕಟ್ಟು ಇನ್ನೂ ಕೆಲವು ತಿಂಗಳು ಬಂತು. ಕಾರಣ ಗೊತ್ತಿದ್ದರೂ ಪ್ರತಿ ಸೋಮವಾರ ಮೊದಲ ಸುತ್ತಿಗೆ ನನ್ನ ಕೈ ತಣ್ಣಗಾಗುತ್ತಿತ್ತು. ತಪ್ಪದೆ ಬಂದು ಕಾಣತಕ್ಕದ್ದು ಎಂದು ಮೇಷ್ಟ್ರು ಹೇಳುತ್ತಿದ್ದರು, ಬಂದಿದ್ದೇನೆ ಸಾರ್ ಎಂದು ನಾನು ಮನಸ್ಸಿನಲ್ಲೇ ಹೇಳಿ, ಹಾಳೆಯನ್ನು ಮಗುಚಿ ನೋಡಿ ತಿಪ್ಪಣ್ಣನಿಗೆ ಕೊಡುತ್ತಿದ್ದೆ. ಬೆನ್ನು ಯಾವಾಗಲೂ ಬಿಳಿ. ಒಂದು ಸೋಮವಾರ ಖರ್ ಎಂದು ಬಿದ್ದ ಹಾಳೆಯ ಮುಖವೂ ಬಿಳಿಯಾಗಿತ್ತು, ಕೆಳಗೆ ವಾಮನಮೂರ್ತಿಗಳ ಹೆಸರು ಒಂದಿಷ್ಟು ಬೂದಿಯಂತೆ. "ಕಟ್ಟು ಮುಗೀತು ಜಯಣ್ಣಾರೆ" ಎಂದ ತಿಪ್ಪಣ್ಣ. ಐದು ವಾರ ಯಾವುದು ನಿಲ್ಲಲೆಂದು ದೇವರ ಗೂಡಿನ ಮುಂದೆ ನಿಂತಿದ್ದೆನೋ, ನಿಂಬೆಹಣ್ಣು ಮಂತ್ರಿಸಿದ್ದೆನೋ ಅದು ತಾನಾಗಿಯೇ ನಿಂತಿತ್ತು. ಆ ದಿನ ಆದಷ್ಟು ಹೆದರಿಕೆ ಮೊದಲು ಯಾವತ್ತೂ ಆಗಿರಲಿಲ್ಲ. ಬರೆದದ್ದಿದ್ದಾಗ ಒಂದು ಸಲವೂ ತಿರುಗಿಸಿ ನೋಡದವನು, ಆ ಖಾಲಿ ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ಮೂರು ಸಲ ತಿರುಗಿಸಿ ನೋಡಿದೆ.